ಪ್ಯಾಡ್ ಮೇಲಿನ ಅಂಕಿ, ಚೆಂಡಿನ ಮೇಲಿನ ಗೀರು

ಕನ್ನಡದಲ್ಲಿ ಬೌಲಿಂಗ್ ಎಂದೊಡನೆ ಕಿವಿ ಕ್ರಿಕೆಟ್ ಕಡೆಗೆ ನೆಟ್ಟಗಾಗುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿನ ಮಾತು ಮೂರು ಬೆರಳು ತೂರಿಸಿ ಎತ್ತುವ, 16 ಪೌಂಡ್‌ವರೆಗೂ ತೂಗುವ, ಹತ್ತು ಪಿನ್‌ಗಳನ್ನು ಉರುಳಿಸುವ ಚೆಂಡಿನದು, ಅದರ ಮೈಯನ್ನು ಉಜ್ಜಿ ಒರಟೋ ನಯವೋ ಮಾಡುವ ಸ್ಯಾಂಡಿಂಗ್ ಪ್ಯಾಡ್‌ಗಳದು. ಹಾಗೆಂದು ಕ್ರಿಕೆಟ್ ಚೆಂಡನ್ನು ಪೂರ್ತಿ ಮರೆಯುವುದೂ ಬೇಡ. ಒಂದು ಮಗ್ಗುಲನ್ನು ಪ್ಯಾಂಟಿಗೆ ಉಜ್ಜಿ ಹೊಳಪು ಕಾಯ್ದುಕೊಂಡು, ಇನ್ನೊಂದು ಮಗ್ಗುಲನ್ನು ಒರಟಾಗಲು ಬಿಟ್ಟರೆ ಚೆಂಡು ಗಾಳಿಯಲ್ಲಿ ಹೇಗೆ ವಾಲುತ್ತದೆ ಎಂಬುದನ್ನು ನೋಡಿದವರಿಗೆ, ಚೆಂಡಿನ ಮೈ ಆಟವನ್ನೇ ಬದಲಿಸಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಪಿನ್‌ಗಳ ಆಟದಲ್ಲಿ ಗಾಳಿಗೆ ಕೆಲಸವಿಲ್ಲ. ಅಲ್ಲಿ ಎಲ್ಲ ಲೆಕ್ಕಾಚಾರವೂ ಎಣ್ಣೆಯದು.

ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಮುಂದಿನ ಪಿನ್‌ಗೆ 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 40 ಅಡಿಯ ಆಸುಪಾಸಿನವರೆಗೆ ಲೇನ್‌ಗೆ, ಅಂದರೆ ಚೆಂಡು ಓಡುವ ಹಾದಿಗೆ, ಎಣ್ಣೆ ಹಚ್ಚಿರುತ್ತಾರೆ. ಹಾಗೆ ಹಚ್ಚುವ ಎಣ್ಣೆಯಾದರೂ ಎಷ್ಟು? ಸುಮಾರು 25 ಮಿಲಿಲೀಟರ್ ಎಂದು ಹಿಡಿಯಿರಿ, ಅಂದರೆ ಐದು ಚಹಾ ಚಮಚದಷ್ಟು. ಅಷ್ಟನ್ನು ಹದಿಮೂರು ಚದರ ಮೀಟರ್ ಜಾಗಕ್ಕೆ ಸಮನಾಗಿ ಹರಡಿದರೆ ಪದರದ ದಪ್ಪ ಎರಡು ಮೈಕ್ರಾನ್‌ನಷ್ಟಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಿಜವಾದ ಲೇನ್‌ನಲ್ಲಿ ಎಣ್ಣೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಆದರೂ ಯಾವ ಗಾತ್ರದ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದೇವೆ ಎಂಬ ಅಂದಾಜು ಇದರಿಂದ ಸಿಗುತ್ತದೆ.

ಇನ್ನು ಚೆಂಡಿನ ಮೈಯನ್ನು ನೋಡೋಣ. ಕಣ್ಣಿಗೆ ನುಣ್ಣಗೆ ಕಾಣುವ ಚೆಂಡೂ ಹತ್ತಿರದಿಂದ ನೋಡಿದರೆ ಉತ್ತ ಹೊಲದಂತಿರುತ್ತದೆ, ಏಣು ಮತ್ತು ತಗ್ಗು. ಈ ಏರಿಳಿತದ ಸರಾಸರಿಗೆ ಆರ್‌ಎ ಎಂಬ ಅಳತೆಯಿದೆ. ಅಮೆರಿಕದಲ್ಲಿ ಈ ಆಟದ ನಿಯಮಗಳನ್ನು ನೋಡಿಕೊಳ್ಳುವ ಯುಎಸ್‌ಬಿಸಿ ಸಂಸ್ಥೆಯ ಒಪ್ಪಿಗೆ ಬೇಕಾದರೆ ತಯಾರಕರ ಚೆಂಡಿನ ಆರ್‌ಎ 50 ಮೈಕ್ರೊಇಂಚು ಮೀರಬಾರದು. ಅದು 1.27 ಮೈಕ್ರಾನ್. ಸರಾಸರಿಯೇ ಅಷ್ಟಿದ್ದರೆ ಕೆಲವು ಏಣುಗಳು ಅದರ ಹಲವು ಪಟ್ಟು ಎತ್ತರ ಇರುತ್ತವೆ. ಎಣ್ಣೆಯ ಪದರ ಮತ್ತು ಚೆಂಡಿನ ಗೀರುಗಳು ಹೆಚ್ಚುಕಡಿಮೆ ಒಂದೇ ಅಳತೆಯವು ಎಂಬುದೇ ಇಡೀ ವಿಷಯದ ತಿರುಳು. ಏಣುಗಳು ಎಣ್ಣೆಯನ್ನು ಸೀಳಿ ಲೇನ್‌ಗೆ ತಾಗಿದರೆ ಹಿಡಿತ ಸಿಗುತ್ತದೆ, ಅವು ಎಣ್ಣೆಯೊಳಗೇ ಮುಳುಗಿಹೋದರೆ ಚೆಂಡು ಜಾರುತ್ತದೆ. ಸ್ಯಾಂಡಿಂಗ್ ಪ್ಯಾಡ್ ಆರಿಸುವಾಗ ನಾವು ಆರಿಸುವುದು ಈ ಏಣುಗಳ ಎತ್ತರವನ್ನು.

ಇಲ್ಲಿಯೇ ಹೊಸಬರು ಎಡವುತ್ತಾರೆ. ಒರಟಾದಷ್ಟೂ ಹಿಡಿತ ಹೆಚ್ಚು, ಹಿಡಿತ ಹೆಚ್ಚಿದಷ್ಟೂ ತಿರುವು ಹೆಚ್ಚು, ತಿರುವು ಹೆಚ್ಚಿದಷ್ಟೂ ಪಿನ್ ಹೆಚ್ಚು ಎಂದು ಸರಪಳಿ ಕಟ್ಟಿಕೊಂಡು ಅತ್ಯಂತ ತರಿಯಾದ ಪ್ಯಾಡ್ ಹಿಡಿಯುತ್ತಾರೆ. ಮೊದಲ ಕೊಂಡಿ ಸರಿ, ಆಮೇಲಿನವು ಸಡಿಲ. ಚೆಂಡು ಕೈಬಿಟ್ಟ ಮೇಲೆ ಮೂರು ಹಂತಗಳನ್ನು ದಾಟುತ್ತದೆ: ಮೊದಲು ಜಾರುತ್ತದೆ, ನಂತರ ಹಿಡಿತ ಸಿಕ್ಕಿ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಉರುಳತೊಡಗಿದ ಚೆಂಡು ಮತ್ತೆ ತಿರುಗುವುದಿಲ್ಲ, ನೆಟ್ಟಗೆ ಹೋಗುತ್ತದೆ. ಒರಟು ಚೆಂಡು ಬೇಗ ಹಿಡಿತ ಕಂಡುಕೊಳ್ಳುತ್ತದೆ, ಬೇಗ ತಿರುಗುತ್ತದೆ, ಬೇಗ ಉರುಳಾಟಕ್ಕೂ ಇಳಿಯುತ್ತದೆ. ಪಿನ್ ಮುಟ್ಟುವಷ್ಟರಲ್ಲಿ ಅದರ ಕಸುವು ಅರ್ಧ ದಾರಿಯಲ್ಲೇ ಖರ್ಚಾಗಿರುತ್ತದೆ. ನುಣುಪಾದ ಚೆಂಡು ಎಣ್ಣೆಯಲ್ಲಿ ಜಾರುತ್ತ ಕಸುವು ಉಳಿಸಿಕೊಂಡು, ಎಣ್ಣೆ ಮುಗಿದ ಒಣ ಜಾಗದಲ್ಲಿ ಥಟ್ಟನೆ ಹೊರಳುತ್ತದೆ. ಹಾಗಾಗಿ ಪ್ಯಾಡ್ ತೀರ್ಮಾನಿಸುವುದು ಚೆಂಡು ‘ಎಷ್ಟು’ ತಿರುಗಬೇಕು ಎಂಬುದನ್ನಲ್ಲ, ‘ಎಲ್ಲಿ’ ತಿರುಗಬೇಕು ಎಂಬುದನ್ನು. ಇದೊಂದು ಮನಸ್ಸಿನಲ್ಲಿ ಕೂತರೆ ಉಳಿದ ಗೊಂದಲ ಮುಕ್ಕಾಲು ಕರಗುತ್ತದೆ.

ಚೆಂಡಿನ ಹೊರಪದರಕ್ಕೆ ಕವರ್‌ಸ್ಟಾಕ್ ಎನ್ನುತ್ತಾರೆ. ಪಾಲಿಯೆಸ್ಟರ್, ಅಂದರೆ ಆಟಗಾರರ ಬಾಯಲ್ಲಿ ‘ಪ್ಲಾಸ್ಟಿಕ್’ ಚೆಂಡು, ನೆಟ್ಟಗೆ ಹೋಗಲೆಂದೇ ಇರುವುದು, ಅದನ್ನು ಉಜ್ಜಿ ಸಮಯ ಕಳೆಯಬೇಡಿ. ಯುರೇಥೇನ್ 1980ರ ದಶಕದ ಆರಂಭದಲ್ಲಿ ಬಂತು, ರಿಯಾಕ್ಟಿವ್ ರೆಸಿನ್ 1990ರ ದಶಕದ ಆರಂಭದಲ್ಲಿ. ರಿಯಾಕ್ಟಿವ್ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವು ಲೇನ್‌ನ ಎಣ್ಣೆಯನ್ನು ಹೀರುತ್ತವೆ. ಪ್ಯಾಡ್‌ಗಳ ಮಾತು ಹೆಚ್ಚಾಗಿ ಇವೆರಡಕ್ಕೇ ಸಂಬಂಧಿಸಿದ್ದು. ಚೆಂಡಿನ ಮೈ ಬದಲಿಸಿ ಗೆಲ್ಲುವ ಆಸೆ ಮಾತ್ರ ಇವೆರಡಕ್ಕಿಂತ ಹಳೆಯದು. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ಅಮೆರಿಕದ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಚೆಂಡುಗಳನ್ನು ರಾಸಾಯನಿಕ ದ್ರಾವಕದಲ್ಲಿ ನೆನೆಸಿ ಮೆದುವಾಗಿಸಿಕೊಂಡು ಒಂದಾದ ಮೇಲೊಂದು ಪ್ರಶಸ್ತಿ ಗೆದ್ದು, ಆ ವರ್ಷದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಚೆಂಡಿಗೆ ಕನಿಷ್ಠ ಗಡಸುತನ ಇರಲೇಬೇಕೆಂಬ ನಿಯಮ ಹುಟ್ಟಿದ್ದು ಅದರ ಬೆನ್ನಿಗೆ. ಪ್ಯಾಡ್ ಹಿಡಿದು ಉಜ್ಜುವುದು ಆ ದ್ರಾವಕದ ತೊಟ್ಟಿಗಿಂತ ಎಷ್ಟೋ ಸಾಧು ಕೆಲಸ.

ಪ್ಯಾಡ್‌ಗಳ ಸಂಗತಿಗೆ ಬರೋಣ. ಬಡಗಿಗಳು ಬಳಸುವ ಸ್ಯಾಂಡ್‌ಪೇಪರ್ ಇಲ್ಲಿಯೂ ಕೆಲಸ ಮಾಡೀತು, ಆದರೆ ಅದು ಚಪ್ಪಟೆ ಮರಕ್ಕೆ ಹುಟ್ಟಿದ್ದು. ದುಂಡು ಚೆಂಡಿನ ಮೇಲೆ ಒತ್ತಿದರೆ ಬೆರಳ ತುದಿ ಇರುವಲ್ಲಿ ಆಳ, ಬೆರಳ ಸಂದಿನಲ್ಲಿ ತೇಲು. ಅದಕ್ಕೇ ಫೋಮ್ ಬೆನ್ನಿನ ಪ್ಯಾಡ್‌ಗಳು ಬಂದವು. ಫಿನ್ಲೆಂಡಿನ ಮಿರ್ಕಾ ಕಂಪನಿಯ ಅಬ್ರಲಾನ್, ಸ್ವಿಟ್ಜರ್ಲೆಂಡಿನ ಸಿಯಾ ಕಂಪನಿಯ ಸಿಯಾಏರ್, ಈ ಎರಡು ಹೆಸರು ಚೆಂಡಿನ ಪೆಟ್ಟಿಗೆಗಳ ಮೇಲೂ ಅಚ್ಚಾಗುವಷ್ಟು ರೂಢಿಯಾಗಿವೆ. ಅಬ್ರಲಾನ್ ಬೌಲಿಂಗ್‌ಗೆಂದು ಹುಟ್ಟಿದ್ದೇನೂ ಅಲ್ಲ. ಕಾರಿನ ಬಣ್ಣದ ಉಬ್ಬುತಗ್ಗುಗಳ ಮೇಲೆ ಆಡಿಸುವ ಪ್ಯಾಡ್ ದುಂಡು ಚೆಂಡಿಗೂ ಒಗ್ಗಿಕೊಂಡಿತು. ಆರು ಇಂಚಿನ ಬಿಲ್ಲೆ: ಮೇಲೆ ಬಟ್ಟೆಗೆ ಅಂಟಿಸಿದ ಸಿಲಿಕಾನ್ ಕಾರ್ಬೈಡ್ ಹರಳುಗಳು, ಹಿಂದೆ ಮೆತ್ತನೆಯ ಫೋಮ್. ಆ ಫೋಮ್ ಎರಡು ಕೆಲಸ ಮಾಡುತ್ತದೆ. ಚೆಂಡಿನ ದುಂಡಿಗೆ ಬಾಗಿ ಒತ್ತಡವನ್ನು ಹಂಚುತ್ತದೆ, ಜೊತೆಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಬಗೆ ಸ್ಕಾಚ್‌ಬ್ರೈಟ್‌ನಂಥ ನಾರಿನ ಪ್ಯಾಡ್, ಪಾತ್ರೆ ತಿಕ್ಕುವ ಹಸಿರು ಪ್ಯಾಡ್‌ನ ಬಂಧು. ಅದರಲ್ಲಿ ಅಂಕಿಯ ಬದಲು ಬಣ್ಣ ಮಾತಾಡುತ್ತದೆ: ಕಡುಗೆಂಪು ತರಿ, ಬೂದು ನಯ, ಬಿಳಿ ಬರೀ ತೊಳೆಯಲು. ಆಟಕ್ಕೆ ಮುಂಚೆ ಕೈಯಲ್ಲೇ ಒಂದು ನಿಮಿಷ ಉಜ್ಜಿ ಹೊಳಪು ಮುರಿಯಲು ನಾರಿನ ಪ್ಯಾಡ್‌ನಷ್ಟು ಸಲೀಸಾದದ್ದು ಬೇರೊಂದಿಲ್ಲ. ನಿಖರತೆ ಬೇಕಾದಾಗ ಮಾತ್ರ ಅದನ್ನು ನಂಬಬೇಡಿ.

ಪ್ಯಾಡ್ ಮೇಲಿನ ಅಂಕಿಯ, ಅಂದರೆ ಗ್ರಿಟ್‌ನ, ಕಥೆ ತುಸು ನಿಧಾನವಾಗಿ ಕೇಳಬೇಕಾದದ್ದು. 180, 360, 500, 1000, 2000, 3000, 4000. ಅಂಕಿ ಏರಿದಂತೆ ಹರಳು ಸಣ್ಣದಾಗುತ್ತದೆ. ಮೂಲತಃ ಇದು ಜರಡಿಯ ಲೆಕ್ಕ, ಒಂದು ಇಂಚಿನಲ್ಲಿ ಎಷ್ಟು ಕಣ್ಣುಗಳಿರುವ ಜರಡಿಯಿಂದ ಹರಳು ಇಳಿಯುತ್ತದೆ ಎಂಬುದು. ಆದರೆ 220ರ ಆಚೆಗೆ ಜರಡಿ ಕೈಕೊಡುತ್ತದೆ. ಆಗ ಹರಳುಗಳನ್ನು ದ್ರವದಲ್ಲಿ ಕದಡಿ, ಅವು ತಳಕ್ಕೆ ಇಳಿಯುವ ವೇಗ ನೋಡಿ ವಿಂಗಡಿಸುತ್ತಾರೆ. ದೊಡ್ಡದು ಬೇಗ ಮುಳುಗುತ್ತದೆ, ಸಣ್ಣದು ತೇಲಾಡುತ್ತ ಇಳಿಯುತ್ತದೆ. ಯುರೋಪಿನ ಪಿ ಮಾನದಂಡದಲ್ಲಿ 500ರ ಹರಳು ಸುಮಾರು 30 ಮೈಕ್ರಾನ್, 1000ದ್ದು 18, 2000ದ್ದು 10. ಅಮೆರಿಕದ ಹಳೆಯ ಮಾನದಂಡವೇ ಬೇರೆ. ಅದರ 600ರ ಹರಳು 16 ಮೈಕ್ರಾನ್, ಅಂದರೆ ಯುರೋಪಿನ 1000ಕ್ಕಿಂತಲೂ ನಯ. ಅಂಗಡಿಯಿಂದ ತಂದ ಯಾವುದೋ 600ರ ಸ್ಯಾಂಡ್‌ಪೇಪರ್ ಉಜ್ಜಿ, ಮುಂದೆ 1000ದ ಪ್ಯಾಡ್ ಹಿಡಿದವರು ನಯ ಮಾಡಲು ಹೋಗಿ ಒರಟು ಮಾಡಿಕೊಂಡಿರಬಹುದು. ಸಾಧ್ಯವಾದಷ್ಟೂ ಒಂದೇ ತಯಾರಕರ ಸರಣಿಯಲ್ಲೇ ಇರಿ ಎಂದು ನಾನು ಹೇಳುವುದು ಈ ಕಾರಣಕ್ಕೆ, ಯಾವ ಬ್ರ್ಯಾಂಡಿನ ಮೇಲಿನ ಪ್ರೀತಿಯಿಂದಲೂ ಅಲ್ಲ.

ಒಂದೇ ಸರಣಿ ಹಿಡಿದರೂ ಪ್ಯಾಡ್ ಮೇಲಿನ ಅಂಕಿ ಚೆಂಡಿನ ಮೇಲೆ ಹಾಗೆಯೇ ಇಳಿಯುವುದಿಲ್ಲ. ಹೊಸ 500ರ ಪ್ಯಾಡ್‌ನಲ್ಲಿ ಹರಳುಗಳ ಮೊನೆ ಚೂಪಾಗಿರುತ್ತದೆ, ಗೀರು ಆಳ. ಹತ್ತು ಚೆಂಡು ಕಂಡ 500ರ ಪ್ಯಾಡ್‌ನ ಮೊನೆ ಮೊಂಡಾಗಿ, ಅದು ಬಿಡುವ ಗುರುತು ಹೊಸ 1000ದ ಗುರುತಿಗೆ ಹತ್ತಿರವಾಗಿರುತ್ತದೆ. ಒತ್ತಿ ಹಿಡಿದರೆ ಒಂದು ಫಲ, ಹಗುರವಾಗಿ ಹಿಡಿದರೆ ಇನ್ನೊಂದು. ಒಣಗಿಸಿ ಉಜ್ಜಿದರೆ ಗೀರು ಒರಟು, ನೀರು ಹಾಕಿದರೆ ನಯ. ಯಂತ್ರದ ವೇಗ, ಉಜ್ಜಿದ ಹೊತ್ತು, ಅದಕ್ಕೂ ಮುಂಚಿನ ಪ್ಯಾಡ್ ಯಾವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ನನ್ನ ಚೆಂಡು 2000’ ಎಂದು ಯಾರಾದರೂ ಹೇಳಿದರೆ, ಅವರು ಕೊನೆಯಲ್ಲಿ ಹಿಡಿದ ಪ್ಯಾಡ್ 2000ದ್ದು ಎಂದಷ್ಟೇ ಅರ್ಥ. ಇಬ್ಬರ 2000ಗಳು ಲೇನ್‌ನಲ್ಲಿ ಬೇರೆ ಬೇರೆಯಾಗಿ ಓಡಿದರೆ ಅಚ್ಚರಿಪಡಬೇಕಿಲ್ಲ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ನನ್ನದೇ ಚೆಂಡು ಕೆಡಿಸಿಕೊಂಡು. ಆಳವಾದ ಗೀರುಗಳನ್ನು ತೆಗೆಯಲು 360ರಲ್ಲಿ ಉಜ್ಜಿದ್ದೆ. ಮಧ್ಯದ ಪ್ಯಾಡ್‌ಗಳು ಬೇಸರದ ಕೆಲಸವೆನಿಸಿ ನೇರ 4000ಕ್ಕೆ ಹಾರಿದೆ. ಚೆಂಡು ಹೊಳೆಯಿತು. ಮೇಲೆ ಥಳಕು, ಒಳಗೆ ಹುಳುಕು. ನಯ ಪ್ಯಾಡ್ ಏಣುಗಳ ನೆತ್ತಿಯನ್ನಷ್ಟೇ ಸವರಿತ್ತು, 360 ತೋಡಿದ ತಗ್ಗುಗಳು ಹಾಗೆಯೇ ಇದ್ದವು. ಮೊದಲ ಆಟದಲ್ಲಿ ಚೆಂಡು ತಡವಾಗಿ ತಿರುಗಿತು, ಮೂರನೆಯ ಆಟದ ಹೊತ್ತಿಗೆ ನಡುದಾರಿಯಲ್ಲೇ ಹಿಡಿಯತೊಡಗಿತು, ನಾನು ನನ್ನ ಕೈಯನ್ನು ಬೈದುಕೊಳ್ಳುತ್ತಿದ್ದೆ. ಒಂದು ಪ್ಯಾಡ್‌ನ ಕೆಲಸ ಹಿಂದಿನ ಪ್ಯಾಡ್‌ನ ಗೀರುಗಳನ್ನು ಪೂರ್ತಿ ಅಳಿಸಿ ತನ್ನವನ್ನು ಮೂಡಿಸುವುದು. ಅಂಕಿ ಸರಿಸುಮಾರು ಇಮ್ಮಡಿಯಾಗುತ್ತ ಹೋದರೆ ಇದು ಸುಲಭ: 360, 500, 1000, 2000, 4000. ತಜ್ಞರು ಬೇಕೆಂದೇ ಮೆಟ್ಟಿಲು ಹಾರುವುದುಂಟು. 500ರ ಮೇಲೆ ನೇರ 2000 ಆಡಿಸಿ, ಕೆಳಗೆ ಆಳದ ತಗ್ಗು, ಮೇಲೆ ಸವೆದ ನೆತ್ತಿ ಇರುವ ಮಿಶ್ರ ಮೈ ಪಡೆಯುತ್ತಾರೆ, ಕಾರ್ಖಾನೆಗಳೂ ಹಾಗೆ ಮಾಡುತ್ತವೆ. ಬೇಕೆಂದು ಹಾರುವುದು ಬೇರೆ, ಸೋಮಾರಿತನಕ್ಕೆ ಹಾರುವುದು ಬೇರೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರ ನಿಂತು ನೋಡೋಣ. ಸ್ಪಿನ್ನರ್ ಎಂದರೆ ಬಟ್ಟಲಿನಂಥ ತಲೆ ಇರುವ ಸಣ್ಣ ಮೋಟಾರು, ಚೆಂಡು ಅದರ ಮೇಲೆ ಕೂತು ಬುಗುರಿಯಂತೆ ಸುತ್ತುತ್ತದೆ. ಮೊದಲು ಚೆಂಡನ್ನು ಕ್ಲೀನರ್ ಹಾಕಿ ಒರೆಸಬೇಕು. ಎಣ್ಣೆ ಮೆತ್ತಿದ ಮೈಯನ್ನು ಉಜ್ಜಿದರೆ ಆ ಜಿಡ್ಡು ಪ್ಯಾಡ್‌ಗೆ ತುಂಬಿಕೊಂಡು ಹರಳು ಕುರುಡಾಗುತ್ತದೆ. ಆಮೇಲೆ ಚೆಂಡಿಗೂ ಪ್ಯಾಡ್‌ಗೂ ನೀರು ಚಿಮುಕಿಸಿ, ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ಪ್ಯಾಡನ್ನು ನೆತ್ತಿಯಿಂದ ನಡುವಿನವರೆಗೆ ನಿಧಾನವಾಗಿ ಇಳಿಸಿ ಏರಿಸುತ್ತ ಹೋಗಬೇಕು. ಮೊದಲು ಸರಸರ ಸದ್ದು. ನೀಲಿ ಚೆಂಡಾದರೆ ನೀಲಿ ಗಂಜಿಯಂಥ ನೀರು ಅಂಗೈಯಿಂದ ಇಳಿಯುತ್ತದೆ. ಅರ್ಧ ನಿಮಿಷ ಕಳೆಯುವಾಗ ಸದ್ದು ಮೆತ್ತಗಾಗುತ್ತದೆ. ಆ ಮಗ್ಗುಲಿಗೆ ಆ ಪ್ಯಾಡ್‌ನ ಕೆಲಸ ಬಹುಪಾಲು ಮುಗಿಯಿತೆಂದು ಕಿವಿಗೇ ತಿಳಿಯುತ್ತದೆ. ಚೆಂಡನ್ನು ಹೊರಳಿಸಿ ಇನ್ನೊಂದು ಮಗ್ಗುಲು. ಹೀಗೆ ನಾಲ್ಕು, ಬಿಗಿ ಕೆಲಸವಾದರೆ ಆರು ಮಗ್ಗುಲು. ಒಂದೇ ಅಕ್ಷದಲ್ಲಿ ಉಜ್ಜಿ ಬಿಟ್ಟರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಕೂರುತ್ತವೆ, ಮಗ್ಗುಲು ಬದಲಿಸಿದರೆ ಅವು ಒಂದನ್ನೊಂದು ಕತ್ತರಿಸಿ ಬಲೆಯಂತಾಗುತ್ತವೆ. ಪ್ರತಿ ಮಗ್ಗುಲಿಗೂ ಒಂದೇ ಹೊತ್ತು ಕೊಡಲು ಗಡಿಯಾರ ಇಟ್ಟುಕೊಳ್ಳಿ. ಬೆರಳಿನ ರಂಧ್ರಗಳ ಅಂಚು ದಾಟುವಾಗ ಕೈ ಹಗುರ ಮಾಡದಿದ್ದರೆ ಪ್ಯಾಡ್‌ನ ಅಂಚು ಅಲ್ಲಿಗೇ ಸಿಕ್ಕಿ ಹರಿಯುತ್ತದೆ. ನನ್ನ ಹಳೆಯ ಪ್ಯಾಡ್‌ಗಳಲ್ಲಿ ಅರ್ಧದಷ್ಟು ಸವೆದು ಸತ್ತದ್ದಲ್ಲ, ಹೀಗೆ ಹರಿದು ಸತ್ತದ್ದು. ಒಣ ಉಜ್ಜಾಟ ಮಾಡುವವರು ಮೂಗಿಗೆ ಮಾಸ್ಕ್ ಹಾಕಲೇಬೇಕು, ಆ ಪುಡಿ ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ.

ಮುಗಿದ ಮೇಲೆ ಚೆಂಡನ್ನು ಒರೆಸಿ ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿ ನೋಡಬೇಕು. ಎಲ್ಲೋ ಒಂದು ಕಡೆ ಉದ್ದನೆಯ ಬಳೆಯಂಥ ಗೆರೆ ಮಿಂಚಿದರೆ ಹಿಂದಿನ ಪ್ಯಾಡ್‌ನ ಗೀರು ಉಳಿದಿದೆ ಎಂದರ್ಥ. ಮುಂದೆ ಹೋಗದೆ ಅದೇ ಪ್ಯಾಡ್‌ನಲ್ಲಿ ಮತ್ತೆ ಉಜ್ಜಬೇಕು. ಒದ್ದೆ ಚೆಂಡು ಎಲ್ಲ ತಪ್ಪುಗಳನ್ನೂ ಮುಚ್ಚುತ್ತದೆ, ಒಣಗಿದ ಮೇಲೆಯೇ ನೋಡಿ.

ಹಾಗಾದರೆ ಯಾವ ಪ್ಯಾಡ್ ಕೊಳ್ಳಬೇಕು? ಚೆಂಡಿನ ಜೊತೆ ಕಾರ್ಖಾನೆಯ ಮೈ ಯಾವುದೆಂದು ಬರೆದಿರುತ್ತಾರೆ, 3000 ಅಬ್ರಲಾನ್ ಎಂದೋ 1500 ಪಾಲಿಶ್ ಎಂದೋ. ಅದು ಆರಂಭದ ಬಿಂದು, ಆಜ್ಞೆಯಲ್ಲ. ಒಂದೆರಡು ಚೆಂಡು ಇಟ್ಟುಕೊಂಡಿರುವವರಿಗೆ 500, 1000, 2000, 4000 ಈ ನಾಲ್ಕು ಸಾಕು. 180 ಮತ್ತು 360 ದುರಸ್ತಿಯ ಹತ್ಯಾರುಗಳು: ಚೆಂಡಿನ ಓಡುವ ಪಟ್ಟಿಯಲ್ಲಿ, ಅಂದರೆ ಉರುಳುವಾಗ ಲೇನ್‌ಗೆ ತಾಗುವ ಮೈಯಲ್ಲಿ, ಆಳದ ಗಾಯಗಳಾಗಿದ್ದರೆ, ಇಲ್ಲವೇ ಹಳೆಯ ಪದರವನ್ನೇ ತೆಗೆದು ಹೊಸ ಮೈ ತೆರೆಯಬೇಕಿದ್ದರೆ ಮಾತ್ರ. ರಿಯಾಕ್ಟಿವ್ ಚೆಂಡಿಗೆ ಐವತ್ತು ಅರವತ್ತು ಆಟಕ್ಕೊಮ್ಮೆ ಈ ಪೂರ್ಣ ಮರುಮೈ ಮಾಡಿಸಬೇಕೆಂಬ ರೂಢಿಯಿದೆ. ಪ್ರತಿ ಸಲ ಒಂದಿಷ್ಟು ಹೊರಪದರ ಶಾಶ್ವತವಾಗಿ ಹೋಗುತ್ತದೆ ಎಂಬುದು ನೆನಪಿರಲಿ, ಚೆಂಡಿನ ವ್ಯಾಸ 8.5 ಇಂಚಿಗಿಂತ ಕೆಳಗೆ ಇಳಿಯುವಂತಿಲ್ಲ.

ಇವುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು 2000 ಕೊಳ್ಳುತ್ತೇನೆ, ಏಕೆಂದರೆ ಅದು ಎರಡೂ ಕಡೆಗೆ ಸರಿಯಬಲ್ಲದು. ಚೆಂಡು ಎಣ್ಣೆಯಲ್ಲಿ ಬಹಳ ದೂರ ಜಾರಿ, ತಿರುಗುವಷ್ಟರಲ್ಲಿ ಪಿನ್‌ಗಳೇ ಬಂದುಬಿಡುತ್ತಿದ್ದರೆ ತರಿ ಕಡೆಗೆ ಒಂದು ಮೆಟ್ಟಿಲು ಇಳಿಯಿರಿ, 2000 ಇದ್ದುದು 1000 ಆಗಲಿ. ಬೇಗ ತಿರುಗಿ, ಪಿನ್ ಹತ್ತಿರ ಬಂದಾಗ ನಿತ್ರಾಣವಾಗಿ ತಟ್ಟುತ್ತಿದ್ದರೆ ನಯದ ಕಡೆಗೆ ಒಂದು ಮೆಟ್ಟಿಲು ಏರಿಸಿ. ಒಂದೇ ಸಲ ಎರಡು ಮೂರು ಮೆಟ್ಟಿಲು ಹಾರಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಅಷ್ಟಕ್ಕೂ ಮುಂಚೆ ಚೆಂಡನ್ನು ತೊಳೆದು ನೋಡಿ. ಎಣ್ಣೆ ಕುಡಿದು ಮಂಕಾದ ಚೆಂಡಿಗೆ ಬರೀ ಕ್ಲೀನರ್ ಬೇಕಿರುವಾಗ ಪ್ಯಾಡ್ ಹಿಡಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಪಾಲಿಶ್ ವಿಷಯದಲ್ಲಿ ಹೇಳುವುದು ಕಡಿಮೆ. ಪಾಲಿಶ್ ಮಾಡಿದರೆ ಚೆಂಡು ಮತ್ತಷ್ಟು ತಡವಾಗಿ ತಿರುಗುತ್ತದೆ, ಆದರೆ ಅದರ ಕೆಳಗೆ ಯಾವ ಗ್ರಿಟ್ ಇದೆ ಎಂಬುದರ ಮೇಲೆ ಉಳಿದದ್ದು ನಿಂತಿದೆ. 500ರ ಮೇಲಿನ ಪಾಲಿಶ್, 2000ದ ಮೇಲಿನ ಪಾಲಿಶ್ ನೋಟಕ್ಕೆ ಒಂದೇ, ಓಟದಲ್ಲಿ ಬೇರೆ. ನಿಯಮಗಳದ್ದೂ ಎರಡೇ ಮಾತು. ಯುಎಸ್‌ಬಿಸಿ ಮಾನ್ಯತೆಯ ಸ್ಪರ್ಧೆ ಶುರುವಾದ ಮೇಲೆ ಪ್ಯಾಡ್ ಚೆಂಡಿಗೆ ತಾಗಬಾರದು. ಮುಂಚೆ ಉಜ್ಜುವಾಗಲೂ ಇಡೀ ಚೆಂಡನ್ನು ಒಂದೇ ಸಮನಾಗಿ ಉಜ್ಜಬೇಕು. ಓಡುವ ಪಟ್ಟಿಯನ್ನಷ್ಟೇ ಒರಟು ಮಾಡಿಕೊಳ್ಳುವಂತಿಲ್ಲ. ಕ್ರಿಕೆಟಿನ ಒಂದು ಮಗ್ಗುಲ ಹೊಳಪಿನ ಚಾಲಾಕಿತನಕ್ಕೆ ಇಲ್ಲಿ ಅವಕಾಶವಿಲ್ಲ.

ಇಷ್ಟೆಲ್ಲ ಮಾಡಿ ಮೂಡಿಸಿದ ಮೈ ಎಷ್ಟು ದಿನ ಬಾಳುತ್ತದೆ ಎಂದರೆ, ದಿನಗಳ ಮಾತೇ ಇಲ್ಲ. ಮೊದಲ ಎಸೆತದಿಂದಲೇ ಲೇನ್ ಕೂಡ ಚೆಂಡನ್ನು ಉಜ್ಜತೊಡಗುತ್ತದೆ. 500ರ ಏಣುಗಳು ಕೆಲವೇ ಆಟಗಳಲ್ಲಿ ತಲೆ ಸವೆಸಿಕೊಂಡು ನಯವಾಗುತ್ತವೆ. ಅತ್ತ, ಹೊಳೆಯುವ ಪಾಲಿಶ್ ಚೆಂಡು ಓಡುವ ಪಟ್ಟಿಯಲ್ಲಿ ಮಂಕಾಗುತ್ತ ಬರುತ್ತದೆ. ತುದಿಗಳೆರಡೂ ನಡುವಿನತ್ತ ಸರಿಯುತ್ತವೆ, ಅದರಲ್ಲೂ ತರಿ ಮೈ ಬೇಗ ಬದಲಾಗುತ್ತದೆ. ಹೀಗಾಗಿ ಮಹತ್ವದ ಸ್ಪರ್ಧೆಗೆ ಮುಂಚೆ ಚೆಂಡನ್ನು ಉಜ್ಜಿ, ಒಂದೆರಡು ಆಟ ಆಡಿ ಮೈ ನೆಲೆ ನಿಲ್ಲಲು ಬಿಡುವವರೂ ಇದ್ದಾರೆ. ಹೊಚ್ಚ ಹೊಸ ಗೀರಿನ ಮೊದಲ ಆಟವನ್ನು ನಂಬಿ ಪ್ಯಾಡ್ ಸರಿಯಿಲ್ಲವೆಂದು ತೀರ್ಪು ಕೊಡಬೇಡಿ.

ಬಳಸಿದ ಪ್ಯಾಡನ್ನು ಹರಿಯುವ ನೀರಿನಲ್ಲಿ ತೊಳೆದು, ಹಿಂಡದೆ, ಅಂಗಾತ ಇಟ್ಟು ಒಣಗಿಸಬೇಕು. ನನ್ನ ಪ್ಯಾಡ್‌ಗಳ ಫೋಮ್ ಬೆನ್ನಿನ ಮೇಲೆ ಅಳಿಸದ ಶಾಯಿಯಲ್ಲಿ ಗೀಟುಗಳಿವೆ, ಚೆಂಡಿಗೊಂದು ಗೀಟು. ಎಂಟು ಗೀಟು ಬಿದ್ದ 500ರ ಪ್ಯಾಡ್ ಬೇರೆ ಡಬ್ಬಿಗೆ ಹೋಗುತ್ತದೆ. ಆ ಡಬ್ಬಿಯ ಮೇಲೆ ‘ಹಳೆ 500’ ಎಂದು ಬರೆದಿದ್ದೇನೆ, 1000ದ ಹೊಸ ಪ್ಯಾಡ್ ಖಾಲಿಯಾದ ದಿನ ಕೈ ಹೋಗುವುದು ಅದಕ್ಕೇ.